ಓಬ್ರಾಕ್‌ನ ಹಾಲು, ಪ್ಯಾರಿಸ್‌ನ ಪತ್ರಿಕೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಪಟ್ಟಣದ ಜನ ದಕ್ಷಿಣ ಫ್ರಾನ್ಸಿನ ಓಬ್ರಾಕ್ ಪ್ರಸ್ಥಭೂಮಿಯತ್ತ ಹೊರಡುತ್ತಾರೆ. ಹೂವು, ಬಾವುಟ, ದೊಡ್ಡ ಗಂಟೆಗಳಿಂದ ಸಿಂಗರಿಸಿಕೊಂಡ ಹಸುಗಳು ಮೇಲಿನ ಹುಲ್ಲುಗಾವಲಿಗೆ ನಡೆದುಹೋಗುವುದನ್ನು ನೋಡುವ ಹಬ್ಬ ಅದು. ಗೋಧಿಬಣ್ಣದ ಮೈ, ಕಾಡಿಗೆ ತೀಡಿದಂತಿರುವ ಕಣ್ಣು. ಈ ಸಲ ಹೋಗಿಬಂದ ನಮ್ಮ ಕನ್ನಡ ಸಂಘದ ಸದಸ್ಯರು ಕಳಿಸಿದ ಚಿತ್ರಗಳು ಒಳಪುಟದಲ್ಲಿವೆ. ಚಿತ್ರದಲ್ಲಿ ಕಾಣದ ಸಂಗತಿಯನ್ನು ಇಲ್ಲಿ ಹೇಳಬೇಕೆನಿಸಿತು.

ಸಾವಿರ ಮೀಟರಿಗೂ ಎತ್ತರದ ಈ ಸೀಮೆಯಲ್ಲಿ ಹುಲ್ಲೇ ಮುಖ್ಯ ಬೆಳೆ. ಹಿಂದೆಲ್ಲ ಮೇ 25ರಿಂದ ಅಕ್ಟೋಬರ್ 13ರವರೆಗೆ ಗಂಡಸರು ದನಗಳ ಜೊತೆ ಮೇಲೇರಿ, ಬ್ಯೂರೋನ್ ಎಂಬ ಕಲ್ಲಿನ ಮನೆಗಳಲ್ಲಿ ಬೀಡುಬಿಡುತ್ತಿದ್ದರು. ಚೀಸ್ ಮಾಡುವ ಹಿರಿಯ, ದನ ಕಾಯುವವನು, ಕರುಗಳನ್ನು ನೋಡಿಕೊಳ್ಳುವವನು, ಮೇಲುಚಾಕರಿಗೊಬ್ಬ ಹುಡುಗ. ಓಬ್ರಾಕ್ ತಳಿಯ ಹಸು ಕರು ಪಕ್ಕದಲ್ಲಿಲ್ಲದಿದ್ದರೆ ಹಾಲಿಳಿಸುವುದಿಲ್ಲ. ಮೊದಲು ಕರುವಿಗೆ ನಾಲ್ಕು ಗುಟುಕು ಕುಡಿಯಲು ಬಿಟ್ಟು, ಅದನ್ನು ತಾಯಿಯ ಮುಂಗಾಲಿಗೆ ಕಟ್ಟಿ, ಆಮೇಲೆ ಕರೆಯಬೇಕು. ನಮ್ಮ ಕೊಟ್ಟಿಗೆಗಳಲ್ಲಿ ಆಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಹಾಲಿನಿಂದಲೇ 50 ಕಿಲೋವರೆಗೂ ತೂಗುವ ಚೀಸ್ ಗುಂಡುಗಳು ತಯಾರಾಗುತ್ತಿದ್ದವು.

ಎರಡನೆಯ ಮಹಾಯುದ್ಧದ ನಂತರ ಆ ದುಡಿಮೆಗೆ ಹುಡುಗರು ಸಿಗದಾದರು. ಬ್ಯೂರೋನ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಗ ಆಂದ್ರೆ ವಲಾದಿಯೇ ಮೊದಲಾದ ಯುವ ರೈತರು 1960ರಲ್ಲಿ ಲಾಯೋಲ್ ಎಂಬ ಪುಟ್ಟ ಊರಿನಲ್ಲಿ ‘ಜೆನ್ ಮೊಂತಾನ್’ ಎಂಬ ಹಾಲಿನ ಸಹಕಾರ ಸಂಘ ಕಟ್ಟಿದರು. ಮರುವರ್ಷವೇ ಲಾಯೋಲ್ ಚೀಸ್‌ಗೆ ಸರ್ಕಾರದ ಮೂಲಸ್ಥಾನ ಮನ್ನಣೆ, ಅಂದರೆ ಈ ಸೀಮೆಯಲ್ಲಿ ನಿಯಮದಂತೆ ಮಾಡಿದ್ದಕ್ಕೆ ಮಾತ್ರ ಆ ಹೆಸರು ಎಂಬ ಹಕ್ಕು, ಸಿಕ್ಕಿತು. ಇಂದಿನ ನಿಯಮಗಳು ಕಟ್ಟುನಿಟ್ಟು: ಓಬ್ರಾಕ್ ಅಥವಾ ಸಿಮೆಂಟಲ್ ತಳಿಯ ಹಸಿ ಹಾಲೇ ಆಗಬೇಕು, ರಸಮೇವು (ಹುದುಗಿಸಿಟ್ಟ ಹಸಿಮೇವು) ತಿನ್ನಿಸುವಂತಿಲ್ಲ, ಚೀಸ್ ನಾಲ್ಕು ತಿಂಗಳಾದರೂ ಮಾಗಬೇಕು. ಹೆಚ್ಚು ಕರೆದು ಅಗ್ಗಕ್ಕೆ ಮಾರುವ ದಾರಿಯನ್ನು ಅವರು ತಾವಾಗಿಯೇ ಮುಚ್ಚಿಕೊಂಡರು. ಆಲೂಗಡ್ಡೆಯ ಜೊತೆ ಹೊಸ ಚೀಸ್ ಬೆರೆಸಿ ನಾದುವ, ಸೌಟಿನಲ್ಲಿ ಎತ್ತಿದರೆ ಆಳುದ್ದ ಎಳೆ ಬಿಡುವ ಅಲಿಗೊ ಎಂಬ ಅಡುಗೆಯನ್ನೂ ಸಂಘವೇ ತಯಾರಿಸಿ ಮಾರುತ್ತದೆ. 2010ರಿಂದ 2020ರೊಳಗೆ ಫ್ರಾನ್ಸಿನಲ್ಲಿ ಸುಮಾರು ಒಂದು ಲಕ್ಷ ಬೇಸಾಯದ ಹಿಡುವಳಿಗಳು ಕಡಿಮೆಯಾದವೆಂದು ಕೃಷಿ ಗಣತಿ ಹೇಳುತ್ತದೆ. ಅಂಥ ಕಾಲದಲ್ಲೂ ಈ ಊರು ಉಸಿರಾಡುತ್ತಿರುವುದು ಹಬ್ಬದಿಂದಲ್ಲ, ಹಾಲಿಗೆ ಸಿಗುವ ಬೆಲೆಯಿಂದ ಎಂದು ನಾನು ನಂಬುತ್ತೇನೆ.

ಊರು ಬಿಟ್ಟವರ ಕಥೆಯೂ ಇದೆ. ಅದು ನಮಗೆ ಇನ್ನೂ ಹತ್ತಿರದ್ದು. ಈ ಸೀಮೆಯ ಬಡವರು ಪ್ಯಾರಿಸ್‌ಗೆ ಹೋಗಿ ಮನೆಮನೆಗೆ ನೀರು ಹೊತ್ತರು, ಸೌದೆ, ಇದ್ದಿಲು ಮಾರಿದರು, ಅದೇ ಅಂಗಡಿಯಲ್ಲಿ ವೈನ್ ಮಾರುತ್ತಾ ಕೆಫೆಗಳ ಒಡೆಯರಾದರು. ಪ್ರಸಿದ್ಧ ಲಿಪ್ ಕೆಫೆಯನ್ನು 1920ರಲ್ಲಿ ಕೊಂಡ ಮಾರ್ಸೆಲಿನ್ ಕಾಜ್ ಲಾಯೋಲ್‌ನವರು. 1882ರಲ್ಲಿ ಲೂಯಿ ಬೊನೆ ಈ ವಲಸಿಗರಿಗಾಗಿಯೇ ‘ಲೋವೆರ್ನ್ಯಾ ದ ಪಾರಿ’ ಎಂಬ ಪತ್ರಿಕೆ ತೆಗೆದರು. ಅದು ಊರೂರಿನ ಸುದ್ದಿಯನ್ನು ರಾಜಧಾನಿಗೆ ತಲುಪಿಸುತ್ತಿತ್ತು. ವಲಸಿಗರನ್ನು ಊರಿಗೆ ಕರೆದೊಯ್ಯಲು ಬೊನೆ ವಿಶೇಷ ರೈಲುಗಳನ್ನೂ ಓಡಿಸಿದರು.

ಈ ಪತ್ರಿಕೆಯ ವಿಷಯ ತಿಳಿದ ಮೇಲೆ ನಮ್ಮ ಹಳೆಯ ಸಂಚಿಕೆಗಳನ್ನು ಮತ್ತೆ ತಿರುವಿದೆ. ರಾಜ್ಯೋತ್ಸವ, ಯುಗಾದಿ, ದಸರಾ, ಮಕ್ಕಳ ನಾಟಕ ಎಲ್ಲವೂ ಇವೆ, ಇರಲೇಬೇಕು. ಊರಿನ ಹೊಲಗದ್ದೆಯ ಸುದ್ದಿಗೆ ಮಾತ್ರ ನಾವು ಜಾಗ ಕೊಟ್ಟಿಲ್ಲ. ಮುಂದಿನ ಸಂಚಿಕೆಯಿಂದ ಒಂದು ಪೂರ್ತಿ ಪುಟವನ್ನು ಅದಕ್ಕೆಂದೇ ಮೀಸಲಿಡುತ್ತಿದ್ದೇವೆ. ಈ ವರ್ಷ ರಾಗಿಗೆ ಎಷ್ಟು ಬೆಲೆ ಸಿಕ್ಕಿತು, ಡೇರಿಗೆ ಹಾಲು ಹಾಕುವ ಮನೆಗಳು ಎಷ್ಟು ಉಳಿದಿವೆ, ಕೆರೆಗೆ ನೀರು ಬಂತೇ, ಗದ್ದೆ ಪಾಳು ಬಿದ್ದಿದ್ದರೆ ಯಾಕೆ ಬಿದ್ದಿದೆ? ಮನೆಗೆ ಫೋನ್ ಮಾಡಿದಾಗ ಅಪ್ಪನನ್ನೋ ಚಿಕ್ಕಪ್ಪನನ್ನೋ ಕೇಳಿ, ಹತ್ತು ಸಾಲಾದರೂ ಬರೆಯಿರಿ. ಬರಹಗಳು ತಿಂಗಳ 20ರೊಳಗೆ ನಮ್ಮ ಕೈಸೇರಲಿ.