ಎರಡು ಹಾಡಿನ ನಡುವೆ: ಮಗಳಿಗೊಂದು ಪತ್ರ

ಮಾಟುಂಗಾ, ಮುಂಬೈ
ಭಾನುವಾರ, ರಾತ್ರಿ ಊಟ ಆದಮೇಲೆ

ಪ್ರೀತಿಯ ಮಗಳೇ,

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ನಿನ್ನೆ ರಾತ್ರಿ ನಾನು ಪುಣೆಯಲ್ಲಿದ್ದೆ, ನಿಮ್ಮ ಕ್ಯಾಂಪಸ್ ರೇಡಿಯೋದಲ್ಲಿ ನೀನು ನಡೆಸಿಕೊಡುವ ಹಾಡಿನ ಕಾರ್ಯಕ್ರಮ ಕೇಳಲು. ಔಂಧ್‌ನ ಚಿಕ್ಕಮ್ಮನಿಗೆ ಮಂಡಿನೋವು, ನೋಡಿ ಬರುತ್ತೇನೆ ಅಂತ ನಿನ್ನ ಅಪ್ಪನಿಗೆ ಹೇಳಿ ಹೊರಟೆ. ಚಿಕ್ಕಮ್ಮನ ಮಂಡಿ ಹತ್ತು ವರ್ಷದಿಂದ ನೋಯುತ್ತಿದೆ, ಅದಕ್ಕೆ ನಾನು ಹೋಗಿ ನೋಡಬೇಕಾದ್ದೇನೂ ಇರಲಿಲ್ಲ. ಬ್ಯಾಗಿನಲ್ಲಿ ಸೀರೆಯ ಮಡಿಕೆಯೊಳಗೆ ನನ್ನ ಹಳೆಯ ಟ್ರಾನ್ಸಿಸ್ಟರ್ ಇತ್ತು, ಹೊಸ ಸೆಲ್ಲಿನ ಸಮೇತ. ಹೇಳಿ ಬಂದಿದ್ದರೆ ನೀನು ಅಮ್ಮನಿಗಾಗಿ ಮಾತಾಡುತ್ತಿದ್ದೆ. ಅದು ನನಗೆ ಬೇಕಿರಲಿಲ್ಲ.

ರೆಕಾರ್ಡ್ ಮಾಡಿ ಫೋನಿಗೆ ಕಳಿಸುತ್ತೇನೆ ಅಂದಿದ್ದೆಯಲ್ಲ, ಬೇಡ ಅಂದದ್ದೂ ಅದಕ್ಕೇ. ಗಾಳಿಯಲ್ಲಿ ಬರುವಾಗ ಕೇಳಬೇಕಿತ್ತು. ಆದರೆ ಅದೇನು ಸುಲಭವೇ ಮಾರಾಯ್ತಿ! ನಿಮ್ಮಂಥ ಕ್ಯಾಂಪಸ್ ರೇಡಿಯೋದ ಆಂಟೆನಾ ಹೊರಡಿಸುವ ಶಕ್ತಿ ಹೆಚ್ಚೆಂದರೆ 100 ವಾಟ್, ಆಂಟೆನಾದ ಎತ್ತರ 30 ಮೀಟರ್ ಮೀರುವ ಹಾಗಿಲ್ಲ. ನಮ್ಮ ಅಡುಗೆಮನೆಯಲ್ಲಿ ಮೊದಲಿದ್ದ ಹಳದಿ ಬಲ್ಬೇ 60 ವಾಟಿನದು. ಚಿಕ್ಕಮ್ಮನ ಹಾಲ್‌ನಲ್ಲಿ ಬರೀ ಬಾಣಲೆಯಲ್ಲಿ ಸಾಸಿವೆ ಸಿಡಿದ ಸದ್ದು. ಬಾಲ್ಕನಿಯಲ್ಲಿ ನೀನು ಅರ್ಧ, ಪಕ್ಕದ ಯಾವುದೋ ಜಾಹೀರಾತು ಅರ್ಧ. ಕೊನೆಗೆ ಟೆರೇಸ್ ಹತ್ತಿದೆ. ಎಫ್‌ಎಂ ಅಲೆ ಕಣ್ಣಿನ ನೋಟದ ಹಾಗೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಚತುಶೃಂಗಿ ಗುಡ್ಡಕ್ಕೆ ಮನಸ್ಸಿನಲ್ಲೇ ಬೈಯುತ್ತ ಮೂಲೆ ಮೂಲೆ ತಿರುಗುತ್ತಿದ್ದೆ. ಅಷ್ಟರಲ್ಲಿ ಬಿಲ್ಡಿಂಗಿನ ವಾಚ್‌ಮನ್ ಮೇಲೆ ಬಂದರು. ನಾನು ಗೊಣಗಿದ್ದು ಕನ್ನಡದಲ್ಲಿ, ಅವರಿಗೆ ಕೇಳಿತು. ಇಂಡಿ ತಾಲೂಕಿನವರಂತೆ. "ಟಾಕಿ ಮ್ಯಾಲ ಇಡ್ರಿ ಅಕ್ಕಾರ, ಅಲ್ಲೆ ಹಿಡೀತದ" ಅಂದರು. ನೀರಿನ ಟ್ಯಾಂಕಿನ ಮೇಲಿಟ್ಟೆವು. ಆಂಟೆನಾ ಎಳೆದದ್ದೇ, ನೀನು ಬಂದೆ.

ಬಂದವಳು ನೀನೇ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು, ಅದನ್ನೂ ಹೇಳಿಬಿಡುತ್ತೇನೆ. ಆ ಅಮೆರಿಕದ ರಾಗ ಎಲ್ಲಿಂದ ತಂದೆ? ನಿನ್ನ ಇಂಗ್ಲಿಷ್ ಚೆನ್ನಾಗಿದೆ, ನಿನ್ನದೇ ಆಗಿದೆ, ಅದರಲ್ಲಿ ಮಾಟುಂಗಾ ಮಾರ್ಕೆಟ್ಟಿನ ವಾಸನೆ ಇದ್ದರೆ ಇರಲಿ ಬಿಡು. ಅದಕ್ಕಿಂತ ಕಿರಿಕಿರಿ ಆದದ್ದು ಇನ್ನೊಂದು. ಒಂದು ಗಂಟೆಯಲ್ಲಿ ನಾಲ್ಕು ಸಲ "ಸಾರಿ, ಇದು ಸ್ವಲ್ಪ ಹಳೇದು" ಅಂದೆ. ಮನೆಗೆ ಬಂದವರಿಗೆ ಪತ್ರೊಡೆ ಬಡಿಸಿ "ಸ್ವಲ್ಪ ತುರಿಸಬಹುದು" ಅನ್ನುತ್ತೇವೆಯೇ? ಹಾಡು ಹಾಕಿದಮೇಲೆ ಅದರ ಪರವಾಗಿ ನಿಲ್ಲಬೇಕು, ಇಲ್ಲವಾದರೆ ಹಾಕಲೇಬಾರದು. ಹಾಂ, ನಿನ್ನ ಪೆನ್ನು! ಪರೀಕ್ಷೆಗೆ ಓದುವಾಗ ಕಟಕಟ ಒತ್ತುತ್ತೀಯಲ್ಲ, ಆ ಸದ್ದು ಔಂಧ್‌ನ ಟೆರೇಸಿಗೂ ಬಂತು. ಅದು ಕೇಳಿದಮೇಲೇ ಇವಳು ನನ್ನ ಮಗಳೇ ಅಂತ ಖಾತ್ರಿ ಆದದ್ದು. ರೇಡಿಯೋದಲ್ಲಿ ಅನೌನ್ಸರ್ ಆಗಿದ್ದಾಗ ನಾನು ಸ್ಟುಡಿಯೋ ಬಾಗಿಲಲ್ಲಿ ಗಾಜಿನ ಬಳೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಡುತ್ತಿದ್ದೆ. ರೇಷ್ಮೆ ಸೀರೆ ಉಟ್ಟ ದಿನ ಕುಳಿತಲ್ಲಿಂದ ಮಿಸುಕುತ್ತಿರಲಿಲ್ಲ, ಹಾಳೆ ಮಗುಚದೆ ಎತ್ತಿ ಪಕ್ಕಕ್ಕಿಡುತ್ತಿದ್ದೆ. ಮೈಕಿಗೆ ಕರುಣೆ ಇಲ್ಲ.

ಅಮ್ಮನಿಗೆ ಈ ಹುಚ್ಚು ಹೇಗೆ ಹಿಡಿಯಿತು ಅಂತ ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ. ನಿನ್ನ ಅಜ್ಜ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತು ಸಾಕಿದ ಸಂಸಾರ ನಮ್ಮದು. ಮಾಹೀಮ್ ಚಾಳಿನ ಒಂದು ಖೋಲಿಯಲ್ಲಿ ಆರು ಜನ. ಪಕ್ಕದ ಖೋಲಿಯಲ್ಲಿ ಮಂಗಳೂರಿನ ಬಾಯಮ್ಮ ಇದ್ದರು. ಅವರ ಮನೆಯಲ್ಲಿ ಒಂದು ರೆಕಾರ್ಡ್ ಪ್ಲೇಯರ್, ಅದರಲ್ಲಿ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡು ಹಾಡುವ ಜಿಮ್ ರೀವ್ಸ್. ಡಿಸೆಂಬರ್ ಬಂತೆಂದರೆ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಯ, ತಟ್ಟೆಯ ಜತೆ ಆ ದನಿಯೂ ನಮ್ಮ ಮನೆಗೆ ಬರುತ್ತಿತ್ತು. ಮಂಗಳೂರು, ಗೋವಾ, ಬಾಂದ್ರಾದ ಕ್ರಿಶ್ಚಿಯನ್ ಮನೆಗಳಲ್ಲಿ ಅವನನ್ನು ಮನೆಯವನ ಹಾಗೇ ನೋಡುತ್ತಿದ್ದರು. ಅವನು 1964ರ ಜುಲೈನಲ್ಲೇ ವಿಮಾನ ಅಪಘಾತದಲ್ಲಿ ಸತ್ತಿದ್ದ ಅಂತ ನನಗೆ ಗೊತ್ತಾದದ್ದು ಕಾಲೇಜಿಗೆ ಹೋದಮೇಲೆ. ಹುಟ್ಟುವ ಮೊದಲೇ ಸತ್ತವನಿಗಾಗಿ ಅವತ್ತು ಅತ್ತದ್ದುಂಟು.

ಅವನ ಕಥೆ ನಿನ್ನ ಕೆಲಸಕ್ಕೂ ಬರುತ್ತದೆ. ಹಾಡುಗಾರ ಆಗುವ ಮುಂಚೆ ಜಿಮ್ ರೀವ್ಸ್ ರೇಡಿಯೋ ಅನೌನ್ಸರ್. ಲೂಸಿಯಾನಾದ ಶ್ರೀವ್‌ಪೋರ್ಟ್‌ನ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ. ಮೊದಮೊದಲು ಅವನೂ ಎಲ್ಲರಂತೆ ಗಂಟಲು ಬಿಟ್ಟು ಹಾಡಿದವನೇ. ಆಮೇಲೆ, 1957ರ ಹೊತ್ತಿಗೆ, ತುಟಿ ಮೈಕಿಗೆ ತಾಗುವಷ್ಟು ಹತ್ತಿರ ಬಂದು ದನಿ ಇಳಿಸಿದ. ಆ ಇಳಿಸಿದ ದನಿಯೇ ಅವನನ್ನು ನಮ್ಮ ಚಾಳಿನ ತನಕ ತಂದದ್ದು. ನೀನು ನಿನ್ನೆ ಮೊದಲ ಹತ್ತು ನಿಮಿಷ ಮೈದಾನದಲ್ಲಿ ನಿಂತು ಮಾತಾಡಿದ ಹಾಗೆ ಮಾತಾಡಿದೆ. ಕೇಳುವವರು ಗುಂಪಿನಲ್ಲಿಲ್ಲ ಮಗಾ. ಒಬ್ಬಳು ಬಟ್ಟೆ ಮಡಚುತ್ತಿರುತ್ತಾಳೆ, ಒಬ್ಬ ರಿಕ್ಷಾದಲ್ಲಿ ಗಿರಾಕಿ ಕಾಯುತ್ತಿರುತ್ತಾನೆ. ಮೈಕಿನಿಂದ ಒಂದು ಗೇಣು ದೂರ ಇರು, ಎದುರು ಕೂತವರಿಗೆ ಹೇಳುವಷ್ಟೇ ಹೇಳು.

ನನ್ನ ಎಡವಟ್ಟೂ ಒಂದು ಹೇಳುತ್ತೇನೆ, ಇಲ್ಲದಿದ್ದರೆ ಬರೀ ಉಪದೇಶ ಆದೀತು. ಕ್ಯಾಶುವಲ್ ಅನೌನ್ಸರ್ ಆಗಿ ತಿಂಗಳಿಗೆ ಆರು ಡ್ಯೂಟಿ ಮಾಡುತ್ತಿದ್ದ ಕಾಲ. ಹಾಡುಗಳ ಸರದಿಯ ಕ್ಯೂ ಶೀಟು ಬರೆದು, ಲೈಬ್ರರಿಯಿಂದ ಹಾಡಿನ ತಟ್ಟೆ (ರೆಕಾರ್ಡ್) ತಂದು, ಸೂಜಿ ಇಟ್ಟು, ದನಿ ಹೆಚ್ಚಿಸುವ ಫೇಡರ್ ಏರಿಸಿ ನಿರಾಳವಾಗಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ಚಿಕ್ಕ ತಟ್ಟೆಯನ್ನು 33ರ ವೇಗಕ್ಕೆ ಬಿಟ್ಟಿದ್ದೆ. ಹಾಡುತ್ತಿದ್ದವಳು ಹೆಂಗಸು, ಕೇಳಿದ್ದು ನಿದ್ದೆಗಣ್ಣಿನ ಗಂಡಸಿನ ದನಿ. ನಡುವೆ ನಿಲ್ಲಿಸಲು ಧೈರ್ಯ ಸಾಲದೆ ಕೊನೆತನಕ ಹಾಗೇ ಓಡಿಸಿದೆ. ವಾರದ ಮೇಲೆ ಒಂದು ಪೋಸ್ಟ್‌ಕಾರ್ಡ್ ಬಂತು: ಆ ಹೊಸ ಗಾಯಕ ಯಾರು, ಅವನ ಬೇರೆ ಹಾಡು ಇದ್ದರೆ ಹಾಕಿ. ಆ ಕಾರ್ಡ್ ಇನ್ನೂ ನನ್ನ ಗೋದ್ರೆಜ್ ಕಪಾಟಿನಲ್ಲಿದೆ.

ಈಗ ಅಸಲು ವಿಷಯ. ನಿನ್ನೆ ಕಂಟ್ರಿ ಗಾಯಕ ಜಾನಿ ಕ್ಯಾಶ್ 1968ರಲ್ಲಿ ಅಮೆರಿಕದ ಫಾಲ್ಸಮ್ ಜೈಲಿನ ಕೈದಿಗಳ ಮುಂದೆ ಹಾಡಿದ್ದನ್ನು ಹಾಕಿದೆ. ಚೆಂದ. ಕೈದಿಗಳ ಕೂಗು ಇನ್ನೂ ಕಿವಿಯಲ್ಲಿರುವಾಗಲೇ ಧಡಧಡ ಹೆವಿ ಮೆಟಲ್. ಯಾಕೆ? "ನಮ್ಮದು ಎಲ್ಲ ಬಗೆಯ ಹಾಡಿನ ಕಾರ್ಯಕ್ರಮ" ಅಂದೆ. ಎಲ್ಲ ಬಗೆಯದು ಅಂದರೆ ಫ್ರಿಜ್ಜಿನಲ್ಲಿ ಉಳಿದದ್ದನ್ನೆಲ್ಲ ಒಂದೇ ಪಾತ್ರೆಗೆ ಸುರಿಯುವುದಲ್ಲ. ನಿನ್ನ ಅಜ್ಜಿ ಮಲ್ಲಿಗೆ ಕಟ್ಟುವಾಗ ನೋಡಿದ್ದೀಯಲ್ಲ, ಹೂವು ಎದ್ದು ಕಾಣಬೇಕು, ಬಾಳೆನಾರು ಕಾಣಬಾರದು, ಆದರೆ ಬಿಚ್ಚಿ ಬೀಳಲೂಬಾರದು. ಅನೌನ್ಸರಳ ಕೆಲಸ ಆ ನಾರಿನದು. ಈ ಹಾಡು ಆದಮೇಲೆ ಆ ಹಾಡು ಯಾಕೆ ಅಂತ ನಿನಗೆ ಗೊತ್ತಿರಬೇಕು. ಬಾಯಿಬಿಟ್ಟು ಹೇಳಲೇಬೇಕು ಅಂತಿಲ್ಲ.

ಹಾಡಿಗೂ ಹಾಡಿಗೂ ನಡುವಿನ ಗಂಟುಗಳು ಹುಡುಕಿದರೆ ಸಿಗುತ್ತವೆ. ರಾಕ್ ಬೇರೆ ಕಂಟ್ರಿ ಬೇರೆ ಅಂತ ನಿನ್ನ ಗೆಳೆಯ ಜಗಳ ತೆಗೆದನಂತೆ. ಎಲ್ವಿಸ್ ಪ್ರೆಸ್ಲಿ 1954ರಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ ಕಂಪನಿಗೆ ಮಾಡಿದ ಮೊದಲ ತಟ್ಟೆಯನ್ನು ಅವನಿಗೆ ತೋರಿಸು. ಒಂದು ಮಗ್ಗುಲಿಗೆ ಕರಿಯ ಗಾಯಕ ಆರ್ಥರ್ ಕ್ರುಡಪ್‌ನ ಬ್ಲೂಸ್, ಅಂದರೆ ಕರಿಯರ ನೋವಿನ ಹಾಡು, ಮಗುಚಿದರೆ ಬಿಲ್ ಮನ್ರೋನ ಬ್ಲೂಗ್ರಾಸ್, ಅದು ಕಂಟ್ರಿಯದೇ ಒಂದು ಬಗೆ. ಜಗಳವೇ ಬೇಡ, ತಟ್ಟೆ ತಿರುವಿಹಾಕಿದರೆ ಆಯಿತು. ಕಂಟ್ರಿ ಬಿಳಿಯರ ಸಂಗೀತ ಅಂತ ನಿನ್ನೆ ನೀನೂ ಒಂದು ಮಾತು ಹಗುರವಾಗಿ ಅಂದುಬಿಟ್ಟೆ. ನ್ಯಾಶ್‌ವಿಲ್‌ನ 'ಗ್ರಾಂಡ್ ಓಲ್ ಆಪ್ರಿ' ರೇಡಿಯೋ ಕಾರ್ಯಕ್ರಮದ ಮೊದಮೊದಲ ತಾರೆಗಳಲ್ಲಿ ಡಿಫೋರ್ಡ್ ಬೈಲಿ ಅನ್ನುವ ಕರಿಯ ಹಾರ್ಮೋನಿಕಾ ವಾದಕ ಒಬ್ಬ. ಬಾಯಲ್ಲೇ ರೈಲು ಓಡಿಸುತ್ತಿದ್ದ. 1941ರಲ್ಲಿ ಅವನನ್ನು ಕೆಲಸದಿಂದ ತೆಗೆದರು, ಆಮೇಲೆ ಬೂಟು ಪಾಲಿಶ್ ಮಾಡಿ ಹೊಟ್ಟೆ ಹೊರೆದ. ಅವನದೊಂದು ತುಣುಕು ಹಾಕು, ನೀನು ಅಂದ ಮಾತು ತಾನಾಗಿ ತಿದ್ದಿಹೋಗುತ್ತದೆ.

ನನ್ನ ಅತಿ ಪ್ರೀತಿಯ ಗಂಟು ಇದು, ನಿನಗೆ ಬಳುವಳಿ ಅಂತ ಇಟ್ಟುಕೋ. 1927ರ ಜುಲೈ 23ರಂದು ಬೊಂಬಾಯಿಯಲ್ಲಿ ವೈಸರಾಯ್ ಲಾರ್ಡ್ ಇರ್ವಿನ್ ರೇಡಿಯೋ ಸ್ಟೇಷನ್ ಉದ್ಘಾಟಿಸಿದರು. ಅದಾಗಿ ಎರಡೇ ದಿನಕ್ಕೆ, ಜುಲೈ 25ರಂದು, ಅಮೆರಿಕದ ಟೆನೆಸೀ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿನಲ್ಲಿ ರಾಲ್ಫ್ ಪಿಯರ್ ಎಂಬವನು ಯಂತ್ರ ಹೂಡಿ, ಗುಡ್ಡಗಾಡಿನ ಹಾಡುಗಾರರನ್ನು ಕರೆದು ಧ್ವನಿಮುದ್ರಣಕ್ಕೆ ಕೂತ. ಆಗಸ್ಟ್ ಒಂದಕ್ಕೆ ಕಾರ್ಟರ್ ಮನೆಯವರು ಬಂದರು. ಗಿಟಾರ್ ಹಿಡಿದ ಮೇಬೆಲ್‌ಗೆ ಹದಿನೆಂಟು ವರ್ಷ, ತುಂಬು ಬಸುರಿ. ದಪ್ಪ ತಂತಿಯ ಮೇಲೆ ಹೆಬ್ಬೆರಳಲ್ಲೇ ರಾಗ ನುಡಿಸುವ ಅವಳ ಪಟ್ಟನ್ನು ಇವತ್ತಿಗೂ ಗಿಟಾರಿನವರು ಕಲಿಯುತ್ತಾರೆ. ಆಗಸ್ಟ್ ನಾಲ್ಕಕ್ಕೆ ಜಿಮ್ಮಿ ರಾಜರ್ಸ್ ಬಂದ. ರೈಲಿನಲ್ಲಿ ಬ್ರೇಕ್‌ಮನ್ ಆಗಿದ್ದವನು, ಕ್ಷಯ ಹಿಡಿದು ಆ ಕೆಲಸ ಬಿಡಬೇಕಾಗಿ ಬಂದಿತ್ತು. ಆ ಹದಿನೈದು ದಿನದಲ್ಲಿ ಇಲ್ಲಿ ನಮ್ಮ ರೇಡಿಯೋ ಶುರು, ಅಲ್ಲಿ ಈ ಹಾಡುಗಳಿಗೆ ಜಗತ್ತಿನ ಬಾಗಿಲು ತೆರೆಯಿತು. ಅವರಿಗೆ ಇವರ ಸುದ್ದಿ ಇಲ್ಲ, ಇವರಿಗೆ ಅವರದಿಲ್ಲ. ಜುಲೈ ಕೊನೆಯ ವಾರ ಡ್ಯೂಟಿ ಬಿದ್ದರೆ ನಾನು ಈ ಎರಡನ್ನೂ ಹೇಳಿ, ಕಾರ್ಟರ್ ಮನೆಯವರನ್ನು ಹಾಕಿ, ಸುಮ್ಮನಾಗುತ್ತಿದ್ದೆ.

ಒಂದು ಸಲ ಊರಿಂದ ಬಂದಿದ್ದ ನಿನ್ನ ಅಜ್ಜಿಗೆ ಅದನ್ನು ಮನೆಯಲ್ಲಿ ಕೇಳಿಸಿದೆ. ಇಂಗ್ಲಿಷ್ ಒಂದಕ್ಷರ ತಿಳಿಯದು. ಬೀಡಿ ಎಲೆ ಕತ್ತರಿಸುವ ಕೈ ಸುಮ್ಮನಿರದೆ ಪೇಪರ್ ಕತ್ತರಿಸುತ್ತ ಕೂತವರು, "ಇದೆಂತ, ಮನೆ ಬಿಟ್ಟು ಹೋದವರ ಹಾಡಾ?" ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಊರಿಗೆ ಹಿಂದೆ ಬರುವ ಅಂದಾಜಿರುವವರು ಹೀಗೆ ಹಾಡುವುದಿಲ್ಲ" ಅಂದರು. ಹಡಗು ಹತ್ತಿ ಬೊಂಬಾಯಿಗೆ ಬಂದ ಗಂಡನಿಗಾಗಿ ವರ್ಷಗಟ್ಟಲೆ ಕಾದವರು ಅವರು. ಕಂಟ್ರಿ ಬಗ್ಗೆ ನಾನು ಓದಿದ ಯಾವ ಬರಹಕ್ಕಿಂತಲೂ ಅಜ್ಜಿಯ ಮಾತೇ ಹೆಚ್ಚು ನೆನಪಿದೆ. ನಿನ್ನ ಅಪ್ಪ ಮಾತ್ರ ಇವತ್ತಿಗೂ "ದನ ಕಾಯುವವರ ಪದ" ಅಂತಲೇ ತಮಾಷೆ ಮಾಡುವುದು. ಮಾಡಲಿ. ಧೋಬಿ ತಲಾವ್‌ನ ರಂಗ್ ಭವನಕ್ಕೆ 'ಇಂಡಿಪೆಂಡೆನ್ಸ್ ರಾಕ್' ಸಂಗೀತೋತ್ಸವ ಕೇಳಲು ನನ್ನ ಜತೆ ಬಂದು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತ ಪುಣ್ಯಾತ್ಮ ಅವರು. ಮನೆಯಲ್ಲಿ ನಾನು ಹೇಳಿದ್ದು ಕರ್ನಾಟಕ ಸಂಘದ ನಾಟಕಕ್ಕೆ ಅಂತ.

ನಿನ್ನ ತಪ್ಪುಗಳದೇ ಪಟ್ಟಿ ಆಯಿತು. ಒಂದು ಜಾಗದಲ್ಲಿ ನನ್ನ ಮೈ ಜುಂ ಅಂದಿತು, ಅದನ್ನು ಕೊನೆಗೆ ಅಂತಲೇ ಉಳಿಸಿಕೊಂಡಿದ್ದೆ. ಜಿಮ್ಮಿ ರಾಜರ್ಸ್‌ನ ಯೋಡಲಿಂಗ್, ಅದೇ ದನಿಯನ್ನು ಕೆಳಗಿಂದ ಮೇಲಕ್ಕೆ ಥಟ್ಟನೆ ಹಾರಿಸುವ ಹಾಡಿಕೆ, ಮುಗಿಯಿತು. ನೀನು ಮಾತಾಡಲಿಲ್ಲ. ಎರಡು ಸೆಕೆಂಡು ಬರೀ ಮೌನ. ಡ್ಯೂಟಿ ಆಫೀಸರ್ ಇದ್ದಿದ್ದರೆ ಓಡಿ ಬರುತ್ತಿದ್ದರು. ಆಮೇಲೆ ಮೆಲ್ಲಗೆ, ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸಿದ ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಹವಾಯಿಯ ಜನ ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿಸಿ ನುಡಿಸಿದ ಆ ಉಪಾಯ ಒಂದು ಕಡೆ ನ್ಯಾಶ್‌ವಿಲ್‌ಗೆ ಹೋಯಿತು, ಇನ್ನೊಂದು ಕಡೆ ನಮ್ಮಲ್ಲಿಗೆ ಬಂದು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಪಟ್ಟು, ಹಿಡಿಯಿತು. ಇದನ್ನೆಲ್ಲ ನೀನು ವಿವರಿಸಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಬಾಯಿ ಮುಚ್ಚಿಕೊಂಡೆ. ಇದು ಬರಲು ನನಗೆ ನಾಲ್ಕು ವರ್ಷ ಬೇಕಾಗಿತ್ತು, ನಿಜ ಹೇಳುತ್ತೇನೆ.

ಆ ಮೌನದಲ್ಲೇ ವಾಚ್‌ಮನ್ ಕೇಳಿದ್ದು: "ಅಕ್ಕಾರ, ಈಗ ಹಾಡಿದವ್ರು ಕಿಶೋರ್ ಕುಮಾರ್ ಏನ್ರಿ?" ನಕ್ಕುಬಿಟ್ಟೆ, ಆದರೆ ಆ ಮನುಷ್ಯನ ಕಿವಿ ತಪ್ಪಿರಲಿಲ್ಲ. ಜಿಮ್ಮಿ ರಾಜರ್ಸ್, ಟೆಕ್ಸ್ ಮಾರ್ಟನ್ ಅವರ ತಟ್ಟೆ ಕೇಳಿಯೇ ಕಿಶೋರ್ ಕುಮಾರ್ ಯೋಡಲಿಂಗ್ ಕಲಿತರು ಅನ್ನುತ್ತಾರಲ್ಲ. ಅದನ್ನು ಹೇಳಿದೆ. "ಹಂಗಂದ್ರ ಇಂವ ಗುರು ಆದ" ಅಂದು, ನಿನ್ನ ಕಾರ್ಯಕ್ರಮ ಮುಗಿಯುವ ತನಕ ಟ್ಯಾಂಕಿನ ಪಕ್ಕ ನಿಂತೇ ಇದ್ದರು. ನೀನು ನನ್ನ ಮಗಳು ಅಂತ ನಾನು ಹೇಳಲಿಲ್ಲ.

ಬೆಳಿಗ್ಗೆ ಡೆಕ್ಕನ್ ಕ್ವೀನ್ ಹಿಡಿದು ಬಂದೆ. ಮುಂದಿನ ಶನಿವಾರವೂ ಆ ವಾಚ್‌ಮನ್‌ಗೆ ನೈಟ್ ಡ್ಯೂಟಿಯಂತೆ. ರಾಜರ್ಸ್ ಆದಮೇಲೆ ಕಿಶೋರ್ ಕುಮಾರರನ್ನು ಹಾಕಲು ಆಗುತ್ತದಾ ನೋಡು. ಟ್ರಾನ್ಸಿಸ್ಟರ್ ಅವರ ಹತ್ತಿರವೇ ಬಿಟ್ಟು ಬಂದಿದ್ದೇನೆ, ಸೆಲ್ಲು ಒಂದು ತಿಂಗಳಾದರೂ ಬಂದೀತು.

ನಿನ್ನ
ಅಮ್ಮ