ಗೇರು ಬಿತ್ತು, ಗಾಡಿ ಓಡ್ತಿದೆ. ಎಲ್ಲರಿಗೂ ಥ್ಯಾಂಕ್ಸ್, ಅತ್ತೆಗೆ ಸ್ವಲ್ಪ ಜಾಸ್ತಿ

ಕೊನೆಗೂ ನಮ್ಮ ಹಳೇ ಕಾರು, ವೋಲ್ವೋ 240 ವ್ಯಾಗನ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತೆಗೆದು ಕೈಯಲ್ಲಿ ಗೇರು ಹಾಕೋ ಮ್ಯಾನುಯಲ್ ಆಯ್ತು. ಮೊನ್ನೆ ಶನಿವಾರ ಇಲ್ಲಿ ಅಮೆರಿಕದ ಒರೆಗಾನ್‌ನ ಬೀವರ್ಟನ್‌ನಿಂದ ಹೈವೇ 26 ಹಿಡ್ಕೊಂಡು ಕೋಸ್ಟ್ ರೇಂಜ್ ದಾಟಿ ಕ್ಯಾನನ್ ಬೀಚ್ ತನಕ ಹೋಗಿ ಬಂದ್ವಿ. ಐದೂ ಗೇರು ಬೀಳ್ತಿದೆ, ರಿವರ್ಸೂ ಬೀಳ್ತಿದೆ, ಕ್ಲಚ್ ಜಾರ್ತಿಲ್ಲ, ಗಾಡಿ ನಿಂತ ಜಾಗದಲ್ಲಿ ಒಂದು ಹನಿ ಎಣ್ಣೆ ಇಲ್ಲ. ಏನಾಯ್ತು ಏನಾಯ್ತು ಅಂತ ತುಂಬ ಜನ ಕೇಳ್ತಾನೇ ಇದ್ರಿ, ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಮಾಡೋ ಬದಲು ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದೀನಿ.

ನನ್ನ ಕೆಲಸ ಹೋದದ್ದು, ಅದೇ ತಿಂಗಳು ಗಾಡಿ ಗೇರ್‌ಬಾಕ್ಸೂ ಕೈಕೊಟ್ಟದ್ದು ನಿಮಗೆಲ್ಲ ಗೊತ್ತೇ ಇದೆ, ಆ ಕತೆ ಮತ್ತೆ ಬೇಡ. ಗೊತ್ತಿಲ್ಲದೋರಿಗೆ ಇಷ್ಟು ಹೇಳ್ತೀನಿ. ನಮ್ಮದು 1991ರ ಗಾಡಿ, ಒಳಗಿದ್ದದ್ದು ಜಪಾನಿನ ಐಸಿನ್ ವಾರ್ನರ್‌ನೋರ ಎಡಬ್ಲ್ಯೂ70 ಅನ್ನೋ ನಾಲ್ಕು ಸ್ಪೀಡಿನ ಆಟೋಮ್ಯಾಟಿಕ್. ಅದರ ಮೇಲೆ ನನಗೆ ಕೋಪ ಇಲ್ಲ, ಮೂವತ್ತು ವರ್ಷಕ್ಕೂ ಮೇಲೆ ದುಡಿದು ಸುಸ್ತಾಗಿದ್ದು ಅದು. ರೀಬಿಲ್ಡ್ ಮಾಡಿಸೋ ದುಡ್ಡಲ್ಲಿ ಇನ್ನೊಂದು ಗಾಡಿನೇ ಬರ್ತಿತ್ತು, ಮಾರಿಬಿಡು ಅಂತ ಹೇಳಿದೋರು ನಿಮ್ಮಲ್ಲೇ ಸುಮಾರು ಜನ ಇದೀರಿ. ಆದ್ರೆ ಇಂಜಿನ್ ಗಟ್ಟಿಮುಟ್ಟಾಗಿತ್ತು, ಬಿ230ಎಫ್, 114 ಹಾರ್ಸ್‌ಪವರ್ ಅಷ್ಟೇ ಇರೋದು, ಹಾಗಂತ ಅದನ್ನ ಗುಜರಿಗೆ ಕಳ್ಸೋಕೆ ನನಗೆ ಮನಸ್ಸು ಬರಲಿಲ್ಲ. ಮೇಲಾಗಿ ಇದೇ ಮಾಡೆಲ್ಲಿಗೆ ವೋಲ್ವೋನೇ ಎಂ47 ಅನ್ನೋ ಐದು ಗೇರಿನ ಮ್ಯಾನುಯಲ್ ಹಾಕಿ ಮಾರ್ತಿತ್ತು, ಅಂದ್ರೆ ಬೇಕಾದ್ದೆಲ್ಲ ಫ್ಯಾಕ್ಟರಿ ಪಾರ್ಟೇ, ಯಾವುದನ್ನೂ ಕೊಯ್ದು ಬೆಸುಗೆ ಹಾಕಬೇಕಾಗಿಲ್ಲ, ಪಾರ್ಟ್ಸ್ ಬಿಚ್ಚೋಕೆ ಒಂದು ಸತ್ತ ಮ್ಯಾನುಯಲ್ ಗಾಡಿ ಸಿಕ್ಕಿದ್ರೆ ಸಾಕು.

ಆ ಸತ್ತ ಗಾಡಿ, 1990ರ ಸೆಡಾನು, ಎಲ್ಲಿ ಬಿದ್ದಿದೆ ಅಂತ ಹುಡುಕಿಕೊಟ್ಟ, ಸುರಿಯೋ ಮಳೇಲಿ ನನ್ನ ಜೊತೆ ಗುಜರಿ ಯಾರ್ಡಲ್ಲಿ ಮಲಗಿ ಪೆಡಲ್ ಬಾಕ್ಸು, ಕ್ರಾಸ್‌ಮೆಂಬರು, ಮುಂದಿನರ್ಧ ಡ್ರೈವ್‌ಶಾಫ್ಟು ಎಲ್ಲ ಬಿಚ್ಚಿದ ಇಬ್ಬರು ಗೆಳೆಯರಿಗೆ, ಟ್ರಾನ್ಸ್‌ಮಿಷನ್ ಜ್ಯಾಕ್ ಕೊಟ್ಟು ವಾಪಸ್ ಯಾವಾಗ ಅಂತ ಒಂದ್ಸಲನೂ ಕೇಳದ ಪಕ್ಕದ ಮನೆಯವರಿಗೆ, ಚಿತ್ರಾನ್ನ ಪುಳಿಯೋಗರೆ ತಂದಿಟ್ಟು ಹೋದ ಕನ್ನಡದ ಗೆಳತಿಯರಿಗೆ, ಮಕ್ಕಳನ್ನ ಈಜು ಕ್ಲಾಸಿಗೆ ಕರ್ಕೊಂಡು ಹೋದೋರಿಗೆ, ಎಲ್ಲರಿಗೂ ನಾನು ಋಣಿ. ಸಿಯಾಟಲ್‌ನ ಗೆಳೆಯನಿಗೆ ಒಂದು ಸಾಲು ಬೇರೆ ಬರೀಲೇಬೇಕು. ಎಲ್‌ಎಚ್ 2.4 ಅನ್ನೋ ಪೆಟ್ರೋಲ್ ಇಂಜೆಕ್ಷನ್ ಇರೋ ಈ ಗಾಡಿಗಳಲ್ಲಿ ಕ್ರ್ಯಾಂಕ್ ಸೆನ್ಸರು ಫ್ಲೈವೀಲ್ (ಇಂಜಿನ್ ಹಿಂದೆ ತಿರುಗೋ ಚಕ್ರ) ಅಂಚು ನೋಡ್ಕೊಂಡೇ ಇಂಜಿನ್ ಸುತ್ತಿನಲ್ಲಿ ಎಲ್ಲಿದೆ ಅಂತ ತಿಳ್ಕೊಳ್ಳೋದು, ಆ ಚಕ್ರ ಹೇಗೆ ತಿರುಗಿಸಿಟ್ರೂ ಬೋಲ್ಟುಗಳೇನೋ ಕೂರುತ್ತವೆ, ಆದ್ರೆ ಜಾಗ ತಪ್ಪಿದ್ರೆ ಇಂಜಿನ್ ಸ್ಟಾರ್ಟೇ ಆಗಲ್ಲ. ಆಟೋಮ್ಯಾಟಿಕ್‌ಗೆ ಫ್ಲೈವೀಲ್ ಜಾಗದಲ್ಲಿದ್ದ ಹಳೇ ಪ್ಲೇಟ್ ಬಿಚ್ಚೋ ಮುಂಚೆನೇ ಫೋನ್ ಮಾಡಿ, ಮೊದಲು ಮಾರ್ಕ್ ಹಾಕು, ಆಮೇಲೆ ಸ್ಪ್ಯಾನರ್ ಮುಟ್ಟು ಅಂತ ಹೇಳಿದ್ದು ಅವನು. ಆ ಒಂದು ಫೋನು ಎಷ್ಟು ವಾರ ಉಳಿಸಿತೋ.

ಇನ್ನು ಅತ್ತೆ ವಿಷಯ.

ಅತ್ತೆ ಆರು ತಿಂಗಳ ವೀಸಾದಲ್ಲಿ ಮೊಮ್ಮಕ್ಕಳ ಜೊತೆ ಇರೋಕೆ ಅಂತ ಬಂದೋರು. ತೀರ್ಥಹಳ್ಳಿ ಹತ್ರ ಅವರದ್ದು ಒಂದು ಅಕ್ಕಿ ಮಿಲ್ಲಿತ್ತು, ಮಾವ ಬೇಗ ಹೋಗ್ಬಿಟ್ರು, ಆಮೇಲೆ ಮಿಲ್ ನಡೆಸಿದ್ದು ಅತ್ತೆನೇ, ಇಷ್ಟನ್ನ ನಾನು ಮದುವೆಯಾದಾಗಿಂದ ಕೇಳಿದೀನಿ. ಆದ್ರೆ ಬೆಲ್ಟ್ ಏರಿಸಿದ್ದು, ಬೇರಿಂಗಿಗೆ ಗ್ರೀಸ್ ತುಂಬಿದ್ದು, ಡೀಸೆಲ್ ಇಂಜಿನ್ನನ್ನೂ ಶಾಫ್ಟನ್ನೂ ಒಂದೇ ಗೆರೆಗೆ ತಂದು ಕೂರಿಸಿದ್ದು, ಇದೆಲ್ಲ ಅವರ ಕೈಯಲ್ಲೇ ಆಗಿತ್ತು ಅಂತ ಮನೇಲಿ ಯಾರೂ ಯಾವತ್ತೂ ನನಗೆ ಹೇಳಿರಲಿಲ್ಲ. ಅವರೂ ಹೇಳ್ಕೊಂಡಿರಲಿಲ್ಲ.

ಗೇರ್‌ಬಾಕ್ಸ್ ಮೇಲೇರಿಸಿದ ರಾತ್ರಿ ನನ್ನ ಗಂಡ ಊರಲ್ಲಿರಲಿಲ್ಲ. ಅವತ್ತೇ ಸಂಜೆ, ಕೊನೇ ರೌಂಡ್ ಇಂಟರ್‌ವ್ಯೂ ತನಕ ಹೋಗಿದ್ದ ಒಂದು ಕಡೆಯಿಂದ ಬೇಡ ಅಂತ ಮೇಲ್ ಬಂದಿತ್ತು. ಯಾರಿಗೂ ಹೇಳಲಿಲ್ಲ, ಮಕ್ಕಳಿಗೆ ಊಟ ಹಾಕಿ ಮಲಗಿಸಿ ಗ್ಯಾರೇಜಿಗೆ ಹೋದೆ. ಜ್ಯಾಕ್ ಮೇಲೆ ಗೇರ್‌ಬಾಕ್ಸ್ ಇಟ್ಟು ಏರಿಸಿ ದೂಡಿದ್ರೆ ಇನ್‌ಪುಟ್ ಶಾಫ್ಟು ಕ್ಲಚ್ ಡಿಸ್ಕಿನೊಳಗೆ ಹೋಗುತ್ತೆ, ಹೋಗಿ ಇನ್ನೊಂದು ಹೆಬ್ಬೆರಳಗಲ ಇದೆ ಅನ್ನೋವಾಗ ನಿಲ್ಲುತ್ತೆ. ಈಚೆ ಎಳೆದು ಡಿಸ್ಕ್ ಮತ್ತೆ ಸೆಂಟರ್ ಮಾಡಿ ದೂಡಿದ್ರೂ ಅಲ್ಲೇ. ಮತ್ತೂ ಅಲ್ಲೇ. ಮಧ್ಯರಾತ್ರಿ ದಾಟಿ ಎಷ್ಟೊತ್ತಾಗಿತ್ತೋ ಗೊತ್ತಿಲ್ಲ, ಹೊರಗೆ ಮಳೆ ಬಿಡ್ತಾ ಇರಲಿಲ್ಲ, ನನ್ನ ಕೈ ನಡುಗ್ತಿತ್ತು. ಉದ್ದ ಬೋಲ್ಟ್ ಹಾಕಿ ಬಿಗಿದು ಎಳೆದುಬಿಡೋಣ ಅಂತ ಕೈಯಲ್ಲಿ ಹಿಡ್ಕೊಂಡಿದ್ದೆ, ಆಗ ಅತ್ತೆ ಶಾಲು ಹೊದ್ಕೊಂಡು ಬಾಗಿಲ ಹತ್ರ ಬಂದು ನಿಂತ್ರು.

“ಎಂತ ಮಾಡ್ತಿದೀಯೆ?”

ಬೋಲ್ಟಲ್ಲಿ ಎಳೀತೀನಿ ಅಂದೆ.

“ಬ್ಯಾಡ ಮಾರಾಯ್ತಿ. ಅಲ್ಯೂಮಿನಿಯಂ ಅದು, ಬೋಲ್ಟ್ ಕೂರೋ ಕಿವಿ ಮುರಿಯುತ್ತೆ.”

ಅಷ್ಟೇ ಅಂದದ್ದು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಮೇಲ್ ಬಂದದ್ದು ಹೇಳ್ದೆ, ದುಡ್ಡಿನ ವಿಷಯ ಹೇಳ್ದೆ, ಬೆಳಿಗ್ಗೆ ಎದ್ದು ಸ್ನಾನ ಮಾಡಿ ಹೋಗೋಕೆ ಎಲ್ಲೂ ಜಾಗ ಇಲ್ಲದೇ ಇರೋದು ಹೇಗಿರುತ್ತೆ ಅಂತ ಹೇಳ್ದೆ, ಗಂಡನಿಗೂ ಹೇಳದೇ ಇದ್ದದ್ದೆಲ್ಲ ಅವರ ಮುಂದೆ ಹೇಳ್ದೆ. ಎಲ್ಲ ಸರಿಹೋಗುತ್ತೆ ಬಿಡು ಅಂತ ಅವರು ಹೇಳಲಿಲ್ಲ. ಸ್ಟೂಲ್ ಎಳ್ಕೊಂಡು ಕೂತ್ಕೊಂಡು ಮಾವ ಹೋದ ವರ್ಷದ ಕತೆ ಹೇಳಿದ್ರು. ಸುಗ್ಗಿ ಟೈಮಲ್ಲೇ ಮಿಲ್ಲಿನ ಇಂಜಿನ್ ಕ್ರ್ಯಾಂಕ್ ಮುರಿದಿತ್ತಂತೆ, ಊರೋರ ಭತ್ತದ ಮೂಟೆ ಅಂಗಳದ ತುಂಬ, ಇವರು ಒಳಗಿಂದ ಅಗಳಿ ಹಾಕ್ಕೊಂಡು ಕೂತು ಅತ್ತಿದ್ರಂತೆ. ನಿನ್ನ ಗಂಡನಿಗೂ ಗೊತ್ತಿಲ್ಲ ಅಂದ್ರು. ಆಮೇಲೆ ಅಂದೆ. “ಆಮೇಲೆ ಎಂತ, ಬೆಳಿಗ್ಗೆ ಶಿವಮೊಗ್ಗದಿಂದ ಫಿಟ್ಟರ್ ಕರೆಸ್ದೆ.”

ಆಮೇಲೆ ಚಾಪೆ ತಂದು ಗಾಡಿ ಪಕ್ಕ ಹಾಸಿ, ಸೆರಗು ಸಿಕ್ಕಿಸ್ಕೊಂಡು, ಈ ವಯಸ್ಸಲ್ಲಿ, ಅಡ್ಡ ಮಲಗಿ ಟಾರ್ಚ್ ಬಿಟ್ಟು ನೋಡಿದ್ರು. ಸ್ಟ್ಯಾಂಡ್ ಮೇಲೆ ಗಾಡಿ ಭದ್ರವಾಗಿದ್ಯಾ ಅಂತ ಮೊದಲು ಕೇಳಿದ್ರು, ಅದನ್ನೂ ಹೇಳ್ತೀನಿ. ನನ್ನನ್ನ ಆಚೆ ಪಕ್ಕಕ್ಕೆ ಕಳ್ಸಿ ಅಲ್ಲಿಂದ ಇನ್ನೊಂದು ಟಾರ್ಚ್ ಬಿಡು ಅಂದ್ರು, ಸಂದಿಯಿಂದ ಬರೋ ಬೆಳಕು ನೋಡ್ತಾ ಹೋದ್ರು. “ಮೇಲೆ ಬಾಯಿ ಬಿಟ್ಟಿದೆ, ಕೆಳಗೆ ಮುಚ್ಚಿದೆ. ಬಾಲ ಎತ್ತು.” ಮಿಲ್ಲಲ್ಲಿ ಇಂಜಿನ್ ಕೂರಿಸೋವಾಗ ಎರಡು ಮುಖದ ನಡುವಿನ ಬೆಳಕು ಸುತ್ತಲೂ ಒಂದೇ ಸಮ ಇದ್ಯಾ ಅಂತ ಹೀಗೇ ನೋಡ್ತಿದ್ರಂತೆ. ಗೇರ್‌ಬಾಕ್ಸಿನ ಹಿಂದಿನ ತುದಿ ಜೋತುಬಿದ್ದು ಶಾಫ್ಟು ಓರೆಯಾಗಿ ಅದರ ತುದಿ ಕೂರಬೇಕಾದ ಪೈಲಟ್ ಬೇರಿಂಗಿಗೆ ಹೋಗಿ ತಾಗ್ತಿತ್ತು, ಒಬ್ಬಳೇ ಇದ್ದಾಗ ದೂಡೋದೂ ನೋಡೋದೂ ಎರಡೂ ಆಗೋ ಕೆಲಸ ಅಲ್ಲ ಅದು. ಹಿಂದೆ ಇನ್ನೊಂದು ಜ್ಯಾಕ್ ಕೊಟ್ಟು ಅವರು ಸಾಕು ಅನ್ನೋ ತನಕ ಎತ್ತಿದೆ, ಗೇರಿಗೆ ಹಾಕಿ ಹಿಂದಿನ ಫ್ಲೇಂಜ್ ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ, ಟಕ್ ಅಂತ ಒಳಗೆ ಹೋಗಿ ಕೂತ್ಕೊಂಡ್ತು. ಬರೀ ಕೈಯ ಬಲದಲ್ಲಿ.

ಹೋಗಿ ಮಲಗಿ ಅಂದ್ರೆ ಹೋಗಲಿಲ್ಲ. ಬೋಲ್ಟೆಲ್ಲ ಸರಿಯಾದ ಬಿಗಿಗೆ ಬರೋ ತನಕ ಟಾರ್ಚ್ ಹಿಡ್ಕೊಂಡೇ ಇದ್ರು.

ಆ ತಿಂಗಳುಗಳಲ್ಲಿ ಎಲ್ಲರೂ ನನ್ನ ಹತ್ರ ತುಂಬ ಮೆತ್ತಗೆ ಮಾತಾಡ್ತಿದ್ರಿ, ಪ್ರೀತಿಯಿಂದಲೇ ಅಂತ ನನಗೆ ಗೊತ್ತು, ಆದ್ರೆ ಕಾಯಿಲೆಯವಳ ಹತ್ರ ಮಾತಾಡಿದ ಹಾಗಿರ್ತಿತ್ತು, ಫೋನ್ ಇಟ್ಟಮೇಲೆ ನಾನು ಇನ್ನೂ ಸಣ್ಣವಳಾಗ್ತಿದ್ದೆ. ಆ ರಾತ್ರಿ ಅತ್ತೆ ನನ್ನನ್ನ ಕೆಲಸ ಮಾಡ್ತಿರೋಳ ಥರ ನೋಡಿದ್ರು. ಎತ್ತು, ಸಾಕು, ಇನ್ನೊಂದು ಚೂರು, ನಿಲ್ಲು. ನನಗೆ ಬೇಕಾಗಿದ್ದದ್ದು ಅದೇ ಅಂತ ನನಗೇ ಗೊತ್ತಿರಲಿಲ್ಲ, ಇದನ್ನ ಅವರ ಮುಖ ನೋಡ್ಕೊಂಡು ಹೇಳೋಕೆ ಇವತ್ತಿಗೂ ಆಗಿಲ್ಲ, ಗಂಟಲು ಕಟ್ಟುತ್ತೆ, ಅದಕ್ಕೇ ಬರೀತಿದೀನಿ.

ಮಿಕ್ಕಿದ್ದೆಲ್ಲ ಸಲೀಸಾಗೇ ಆಯ್ತು. ಕ್ಲಚ್ ಕೇಬಲ್ ಎಳೆದದ್ದು, ಆಟೋಮ್ಯಾಟಿಕ್ ಪಾರ್ಕಲ್ಲಿದೆ ಅಂತ ಸ್ಟಾರ್ಟರಿಗೆ ಅನ್ನಿಸೋಕೆ ಎರಡು ವೈರ್ ಸೇರಿಸಿದ್ದು, ರಿವರ್ಸ್ ಲೈಟು. ಸ್ಪೀಡಾಮೀಟರ್ ಸಿಗ್ನಲ್ ಈ ಗಾಡಿಲಿ ಹಿಂದಿನ ಆಕ್ಸಲಿಂದ ಬರೋದ್ರಿಂದ ಅದನ್ನ ಮುಟ್ಟೋದೇ ಬೇಕಾಗಲಿಲ್ಲ. ಆಕ್ಸಲ್ ಹಳೇದೇ ಇರೋದಕ್ಕೆ ಐದನೇ ಗೇರಲ್ಲಿ ಇಂಜಿನ್ ಮುಂಚಿಗಿಂತ ಸ್ವಲ್ಪ ಜಾಸ್ತಿ ಸುತ್ತುತ್ತೆ, ಇರಲಿ, ಏರಲ್ಲಿ ಚೆನ್ನಾಗಿ ಎಳೆಯುತ್ತೆ. ಕ್ಯಾನನ್ ಬೀಚಿಗೆ ಹೋಗುವಾಗ ಅತ್ತೆ ಮುಂದೆ ಕೂತಿದ್ರು, ಇಳಿಜಾರಲ್ಲೆಲ್ಲ “ಬ್ರೇಕ್ ಒತ್ತಬ್ಯಾಡ, ಗೇರಲ್ಲಿ ಇಳಿಸು” ಅಂತ ಹೇಳ್ತಾನೇ ಇದ್ರು, ಆಗುಂಬೆ ಘಾಟಿಯ 14 ತಿರುವು ಮಿಲ್ಲಿನ ಲಾರೀಲಿ ಎಷ್ಟು ಸಲ ಇಳಿದೋರೋ.

ಮುಂದಿನ ವಾರ ಅವರು ಊರಿಗೆ ಹೊರಡ್ತಿದಾರೆ. ಅವರು ಫೋನಲ್ಲಿ ಇಷ್ಟುದ್ದ ಓದಲ್ಲ, ತೀರ್ಥಹಳ್ಳಿ ಕಡೆ ನೆಂಟರು ಯಾರಾದ್ರೂ ನೋಡಿದ್ರೆ ಅವರಿಗೆ ಪೂರ್ತಿ ಓದಿ ಹೇಳಿ, ಮಿಲ್ಲಿನ ಭಾಗ ಬಿಡಬೇಡಿ. ನನಗೆ ಕೆಲಸ ಇನ್ನೂ ಸಿಕ್ಕಿಲ್ಲ, ಗುರುವಾರ ಒಂದು ಇಂಟರ್‌ವ್ಯೂ ಇದೆ. ಜ್ಯಾಕ್ ತೊಳೆದಿಟ್ಟಿದೀನಿ, ನಾಳೆ ಪಕ್ಕದ ಮನೆಗೆ ವಾಪಸ್ ಹೋಗುತ್ತೆ. ಹಳೇ ಎಡಬ್ಲ್ಯೂ70 ಗ್ಯಾರೇಜ್ ಮೂಲೇಲಿದೆ, ಟಾರ್ಕ್ ಕನ್ವರ್ಟರ್ ಚೆನ್ನಾಗೇ ಇದೆ, 240 ಇಟ್ಕೊಂಡಿರೋರು ಪಾರ್ಟ್ಸಿಗೆ ಬೇಕು ಅಂದ್ರೆ ಬಂದು ಹಾಗೇ ತಗೊಂಡ್ಹೋಗಿ, ದುಡ್ಡು ಬೇಡ, ಇಬ್ಬರು ಬನ್ನಿ, ತುಂಬ ಭಾರ ಇದೆ.