ಟಿಕಾಲ್‌ಗೆ ಹೊರಟ ಮಗಳಿಗೆ

ಪುಟ್ಟೀ,

ನಿನ್ನೆ ನೀನು ಫೋನ್ ಕಟ್ ಮಾಡಿದ ಮೇಲೆ ಅಮ್ಮ ನನ್ನ ಹತ್ತಿರವೂ ಮಾತು ಬಿಟ್ಟಿದ್ದಾಳೆ. ಗ್ವಾಟೆಮಾಲಾಗೆ ಒಬ್ಬಳೇ ಹೋಗಬೇಡ ಅಂತ ಮತ್ತೆ ಶುರು ಮಾಡುವುದಿಲ್ಲ. ದುಡ್ಡು ನಿನ್ನದು, ರಜೆಯೂ ನಿನ್ನದೇ.

ನೀನು ಕಳಿಸಿದ ಹಕ್ಕಿಗಳ ಪಟ್ಟಿ ಓದಿದೆ. ಬಾಲದಲ್ಲಿ ನವಿಲಿನ ಹಾಗೆ ಕಣ್ಣುಗಳಿರುವ ಆ ಟರ್ಕಿ ಕೋಳಿ ಯುಕಟಾನ್ ಸುತ್ತಿನ ಕಾಡು ಬಿಟ್ಟರೆ ಬೇರೆಲ್ಲೂ ಇಲ್ಲವಂತೆ, ಮಾಯಾ ಅನ್ನೋ ಹಳೇ ಕಾಲದ ಜನರ ಪಾಳುನಗರ ಟಿಕಾಲ್‌ನಲ್ಲಂತೂ ಅವರ ಗುಡಿಗಳ ಅಂಗಳದಲ್ಲೇ ಜನರ ನಡುವೆ ಮೇಯುತ್ತದಂತೆ. ಒರೊಪೆಂಡೋಲಾದ ಉದ್ದನೆಯ ಜೋತುಗೂಡಿನ ಫೋಟೊ ಪಕ್ಕದ ಮನೆಯವರಿಗೂ ತೋರಿಸಿದೆ, ನನ್ನ ಮಗಳು ಇದನ್ನ ನೋಡೋಕೆ ಹೊರಟಿದ್ದಾಳೆ ಅಂತ. ನಿನಗೆ ಹೇಳಲಿಲ್ಲ ಅಷ್ಟೆ.

ನನ್ನ ತಕರಾರು ಹಾವಿನದು. ಆ ಕಡೆ ಬಾರ್ಬಾ ಅಮರಿಯಾ ಅಂತ ಒಂದಿದೆ. ನಮ್ಮ ಕೊಳಕುಮಂಡಲದ ಬಳಗ, ತರಗೆಲೆಯ ಬಣ್ಣ, ರಾತ್ರಿ ಓಡಾಟ ಜಾಸ್ತಿ. ನೀನೋ ಸೂರ್ಯೋದಯ ನೋಡಬೇಕು ಅಂತ ಕತ್ತಲಲ್ಲೇ ನಾಲ್ಕನೇ ಗುಡಿಗೆ ಹೊರಡುವವಳು. ಗುಡಿಯ ಎತ್ತರ ಸುಮಾರು 65 ಮೀಟರ್ ಅಂದರೂ ನನಗೆ ಹೆದರಿಕೆಯಿಲ್ಲ, ಮರದ ಮೆಟ್ಟಿಲಿದೆ. ಹೆದರಿಕೆ ಅಲ್ಲಿಗೆ ಹೋಗುವ ದಾರಿಯದು.

ಹಿಂದೊಮ್ಮೆ ನಮ್ಮ ತೋಟದಲ್ಲಿ ಮಂಗಟ್ಟೆ ಹಕ್ಕಿ ನೋಡುತ್ತಾ ನೀನು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದೆ. ನಾನು ರಟ್ಟೆ ಹಿಡಿದು ಎಳೆದೆ. ಹಕ್ಕಿ ಹಾರಿಹೋಯಿತು ಅಂತ ರಾತ್ರಿ ಊಟ ಬಿಟ್ಟೆಯಲ್ಲ, ಸೋಗೆ ರಾಶಿಯ ಪಕ್ಕ ಕೊಳಕುಮಂಡಲ ಸುರುಳಿ ಸುತ್ತಿಕೊಂಡು ಬುಸುಗುಡುತ್ತಿತ್ತು. ನಿನಗೆ ಕೇಳಿಸಲೇ ಇಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ ನೀನು ತೋಟಕ್ಕೆ ಕಾಲಿಡುತ್ತಿರಲಿಲ್ಲ, ಹಕ್ಕಿ ಹುಚ್ಚು ಅಲ್ಲಿಗೇ ನಿಲ್ಲುತ್ತಿತ್ತು. ಇವತ್ತಿಗೂ ನಾನು ಆ ಜಾಗ ದಾಟುವಾಗ ಕೋಲಿನಿಂದ ಒಮ್ಮೆ ತಟ್ಟಿಯೇ ಮುಂದೆ ಹೋಗುವುದು. ಹಾವು ಹೋಗಿ ಎಷ್ಟೋ ಕಾಲವಾಯಿತು ಅಂತ ಗೊತ್ತು. ಆದರೂ ತಟ್ಟುತ್ತೇನೆ. ಅಲ್ಲಿ ನಿನ್ನ ರಟ್ಟೆ ಹಿಡಿಯೋಕೆ ಯಾರಿದ್ದಾರೆ?

ಅದಕ್ಕೇ ಗಂಬೂಟು ಹಾಕು. ಗೈಡ್ ಮುಂದೆ ಇರಲಿ, ಟಾರ್ಚ್ ನೆಲಕ್ಕೆ ಬಿಡು. ಮೊದಲು ನಿಲ್ಲು, ಆಮೇಲೆ ಬೈನಾಕ್ಯುಲರ್ ಎತ್ತು. ಹಿಂದಕ್ಕೆ ಹೆಜ್ಜೆ ಇಡಲೇಬೇಡ. ಅಲ್ಲಿ ದಿಬ್ಬ ಅಂತ ಕಾಣುವುದೆಷ್ಟೋ ಮಣ್ಣು, ಬೇರು ಮುಚ್ಚಿದ ಕಟ್ಟಡಗಳು. ಸಾವಿರ ವರ್ಷದಿಂದ ಜನ ಬಿಟ್ಟುಹೋದ ಆ ಕಲ್ಲಿನ ಸಂದಿಗೆ ಕೈ ಹಾಕಬೇಡ. ಅಕಸ್ಮಾತ್ ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಏನೂ ಬೇಡ, ಸೀದಾ ಆಸ್ಪತ್ರೆ. ಫ್ಲೋರೆಸ್ ಪಟ್ಟಣ 60 ಕಿಲೋಮೀಟರ್‌ಗೂ ದೂರ, ಗಾಡಿ ಮೊದಲೇ ಗೊತ್ತುಮಾಡಿಕೊ. ಕತ್ತಲಲ್ಲಿ ಗರ್ಜನೆ ಕೇಳಿದರೆ ಓಡಬೇಡ, ಅದು ಹೌಲರ್ ಮಂಗ, ಸೊಪ್ಪು ತಿನ್ನುವ ಪ್ರಾಣಿ.

ಭಾಷಣ ಆಯಿತು, ಅಲ್ವಾ? ಆಗಲಿ ಬಿಡು.

ಅಲ್ಲಿ ಬೆಳಗ್ಗೆ ಆರು ಅಂದರೆ ನಮಗೆ ಸಂಜೆ ಐದೂವರೆ. ಗುಡಿಯಿಂದ ಇಳಿದ ಮೇಲೆ ಅಮ್ಮನಿಗೆ ಒಂದು ಮೆಸೇಜ್ ಹಾಕು. ನನಗೆ ಬೇಡ, ಅವಳಿಗೇ ಹಾಕು, ಆಗಲಾದರೂ ನನ್ನ ಹತ್ತಿರ ಮಾತಾಡುತ್ತಾಳೆ.

ಅಪ್ಪ